4 ಜಿಬಿಯಲ್ಲಿ ನನ್ನ ಪಾಲೆಷ್ಟು?

ಬರೆಯುವುದು, ಓದುವುದು, ಮೇಲ್ ನೋಡುವುದು, ಲೆಕ್ಕದ ಒಂದೆರಡು ಹಾಳೆ ತುಂಬುವುದು. ಲ್ಯಾಪ್‌ಟಾಪ್‌ನಲ್ಲಿ ನನಗಿರುವ ಕೆಲಸ ಇಷ್ಟೇ. ಇದಕ್ಕೆ 4 ಜಿಬಿ ರ‍್ಯಾಮ್ (ಓಡುತ್ತಿರುವ ಪ್ರೋಗ್ರಾಂಗಳು ಕೂರುವ ತಾತ್ಕಾಲಿಕ ಮೆಮೊರಿ) ಸಾಕು, ಅಲ್ವಾ? ಆದರೂ ಅದು ತೆವಳುತ್ತಿತ್ತು. ಆನ್ ಮಾಡಿದರೆ ಡೆಸ್ಕ್‌ಟಾಪ್ ಬರುತ್ತದೆ, ಮೌಸ್ ಬಾಣವೂ ಓಡಾಡುತ್ತದೆ. ಏನನ್ನು ಕ್ಲಿಕ್ ಮಾಡಿದರೂ ಬಹಳ ಹೊತ್ತು ತೆರೆಯುವುದೇ ಇಲ್ಲ. ನೋಡಿದವರೆಲ್ಲ "ಹಳೇದಾಯ್ತು, ಹೊಸದು ತಗೊಳ್ಳಿ" ಅಂದರು. ಕೀಲಿಗಳು ಗಟ್ಟಿಯಾಗಿವೆ, ಪರದೆ ಚೆನ್ನಾಗಿದೆ. ಇಂಥದ್ದನ್ನು ಬಿಸಾಡಲು ನನಗೆ ಮನಸ್ಸಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಏನೇನು ಓಡುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಒಂದನ್ನೇ ತೆರೆದು ಕೂತೆ. ನಾನಿನ್ನೂ ಒಂದಕ್ಷರವನ್ನೂ ಟೈಪ್ ಮಾಡಿರಲಿಲ್ಲ. ಆಗಲೇ ರ‍್ಯಾಮ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಖರ್ಚಾಗಿತ್ತು. ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿತ್ತು. ಏನೇನು ಓಡುತ್ತಿದೆ ಅಂತ ಒಂದೊಂದೇ ಸಾಲು ಓದುತ್ತಾ ಹೋದೆ. ಫೈಲ್‌ಗಳನ್ನು ಬೇಗ ಹುಡುಕಿಕೊಡಲು ಮಾಡುವ ಇಂಡೆಕ್ಸಿಂಗ್. ನಾನು ಏನು ಬಳಸುತ್ತೇನೆ ಎಂದು ಕಂಪನಿಗೆ ವರದಿ ಕಳಿಸುವ ಟೆಲಿಮೆಟ್ರಿ. ನಾನು ಕೇಳದೇ ಇದ್ದ ಸುದ್ದಿ ಮತ್ತು ಹವಾಮಾನ. ಎಂದೂ ಆಡದ ಆಟಗಳ ಹಿಂದೆ ಓಡುವ ಸರ್ವಿಸ್‌ಗಳು. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಟ್ರಯಲ್ ಆಂಟಿವೈರಸ್. ಇವುಗಳ ಅಪ್‌ಡೇಟ್ ಇದೆಯಾ ಎಂದು ನೋಡಲು ಒಂದೊಂದಕ್ಕೂ ಬೇರೆ ಬೇರೆ ಪ್ರೋಗ್ರಾಂ.

ನಿಧಾನಕ್ಕೆ ಕಾರಣ ಅಲ್ಲೇ ಇತ್ತು. ರ‍್ಯಾಮ್ ತುಂಬಿದಾಗ ಆಪರೇಟಿಂಗ್ ಸಿಸ್ಟಮ್ ಅದರಲ್ಲಿದ್ದ ಒಂದಷ್ಟನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ನನ್ನದು ತಿರುಗುವ ಹಾರ್ಡ್ ಡಿಸ್ಕ್. ಮೇಜಿನ ಮೇಲೆ ಜಾಗವಿಲ್ಲದೆ ಒಂದೊಂದು ಹಾಳೆಗೂ ಅಟ್ಟ ಹತ್ತಿ ಇಳಿದ ಹಾಗೆ. ಲ್ಯಾಪ್‌ಟಾಪ್ ಮುದಿಯಾಗಿರಲಿಲ್ಲ, ನನ್ನದಲ್ಲದ ಕೆಲಸ ಮಾಡಿ ಸುಸ್ತಾಗಿತ್ತು. ಇದನ್ನು ಕಂಡಾಗ ನಿಜಕ್ಕೂ ಸಿಟ್ಟು ಬಂತು. ಯಂತ್ರ ನನ್ನದು, ಅದರಲ್ಲಿ ಏನು ಓಡಬೇಕು ಎನ್ನುವುದನ್ನು ಇನ್ಯಾರೋ ತೀರ್ಮಾನಿಸಿದ್ದರು.

ಅವತ್ತೇ ಬೇಡದ್ದನ್ನೆಲ್ಲ ಕಿತ್ತುಹಾಕಿದೆ. ಸ್ಟಾರ್ಟಪ್ ಪಟ್ಟಿಯಲ್ಲಿದ್ದ ಬಹುಪಾಲನ್ನು ಆಫ್ ಮಾಡಿದೆ. ಒಂದಷ್ಟು ಹಗುರವಾಯಿತು. ಕೆಲವು ವಾರ ಕಳೆದ ಮೇಲೆ ಒಂದು ದೊಡ್ಡ ಅಪ್‌ಡೇಟ್ ಬಂತು, ತೆಗೆದಿದ್ದರಲ್ಲಿ ಕೆಲವು ಮತ್ತೆ ಬಂದು ಕೂತವು. ಬೇರೆ ದಾರಿ ನೋಡಬೇಕು ಅನಿಸಿದ್ದು ಆಗಲೇ. ನಿಕ್ಲಾಸ್ ವಿರ್ತ್ ಎಂಬ ಕಂಪ್ಯೂಟರ್ ವಿಜ್ಞಾನಿ 1995ರಲ್ಲೇ ಈ ಬಗ್ಗೆ ಬರೆದಿದ್ದರು. ಹಾರ್ಡ್‌ವೇರ್ ಚುರುಕಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಎಂದು. ಆ ಕಾಲದ ಕಂಪ್ಯೂಟರ್‌ಗಳಲ್ಲಿ ರ‍್ಯಾಮ್ ಎಣಿಸುತ್ತಿದ್ದದ್ದು ಎಂಬಿಗಳಲ್ಲಿ.

ರ‍್ಯಾಮ್ ಹೆಚ್ಚಿಸೋಣವೆಂದರೆ ನನ್ನದರಲ್ಲಿ ಅದನ್ನು ಬೋರ್ಡಿಗೇ ಬೆಸೆದಿದ್ದಾರೆ. ಉಳಿದದ್ದು ವಿಂಡೋಸ್ ಬದಲು ಬಳಸಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಲಿನಕ್ಸ್. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು ಅದರ ಕರ್ನಲ್, ಅಂದರೆ ಹಾರ್ಡ್‌ವೇರನ್ನು ನಡೆಸುವ ತಿರುಳು ಅಷ್ಟೇ. ಅದರ ಮೇಲೆ ಡೆಬಿಯನ್, ಫೆಡೋರಾ, ಉಬುಂಟು, ಮಿಂಟ್ ಹೀಗೆ ನೂರಾರು ಬಗೆಗಳಿವೆ. ಹೊಸಬರು ಇಲ್ಲೇ ಗಾಬರಿಯಾಗುವುದು. ಹಳೆಯ ಯಂತ್ರಕ್ಕೆ ಹೆಸರಿಗಿಂತ ಮುಖ್ಯವಾದದ್ದು ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ಮೆನು, ಕಿಟಕಿಗಳನ್ನು ತೋರಿಸುವ ಭಾಗ. ಗ್ನೋಮ್ ನೋಡಲು ಚೆಂದ, ಆದರೆ ಭಾರ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಸರಳ, ಹಗುರ. ನಾನು ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಆರಿಸಿಕೊಂಡೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು, ಹಾಕಿಕೊಳ್ಳುವ ಮೊದಲೇ ಬಳಸಿ ನೋಡಬಹುದು ಎನ್ನುವುದು. ಐಎಸ್‌ಒ ಫೈಲನ್ನು (ಸಿಸ್ಟಮ್‌ನ ಪೂರ್ಣ ಪ್ರತಿ) ಪೆನ್ ಡ್ರೈವ್‌ಗೆ ಬರೆದು ಅದರಿಂದಲೇ ಬೂಟ್ ಮಾಡಿದರೆ ಇಡೀ ಸಿಸ್ಟಮ್ ಅಲ್ಲಿಂದಲೇ ಓಡುತ್ತದೆ. ಒಳಗಿನ ಡಿಸ್ಕನ್ನು ನಾವಾಗಿ ಮುಟ್ಟದಿದ್ದರೆ ಅದು ಇದ್ದ ಹಾಗೇ ಇರುತ್ತದೆ. ಏನೂ ತೆರೆಯದಿದ್ದಾಗ ಮೆಮೊರಿ ಬಳಕೆ 1 ಜಿಬಿಗಿಂತ ಕಡಿಮೆ ಇತ್ತು. ಉಳಿದದ್ದೆಲ್ಲ ನನ್ನ ಕೆಲಸಕ್ಕೆ! ಅದನ್ನು ನೋಡಿ ಆದ ಖುಷಿ ಇಷ್ಟಿಷ್ಟಲ್ಲ. ವೈಫೈ, ಶಬ್ದ, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಿದೆ. ಮುಚ್ಚಳ ಮುಚ್ಚಿದರೆ ಮಲಗುತ್ತದಾ, ತೆರೆದರೆ ಏಳುತ್ತದಾ ಅಂತಲೂ ನೋಡಿದೆ. ಕನ್ನಡ ಟೈಪ್ ಮಾಡಲು ಕಗಪ ಕೀಲಿಮಣೆ ವಿನ್ಯಾಸ ಪಟ್ಟಿಯಲ್ಲೇ ಇತ್ತು. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್‌ನಲ್ಲಿದ್ದ ಬರಹಗಳು ಸರಿಯಾಗಿ ತೆರೆದವು. ಹಳೆಯ ಫಾಂಟ್‌ಗಳಲ್ಲಿ ಬರೆದಿದ್ದವು ಅರ್ಥವಿಲ್ಲದ ಅಕ್ಷರಗಳಾಗಿ ಕಂಡವು. ಅವನ್ನು ಒಂದೊಂದಾಗಿ ಯೂನಿಕೋಡ್‌ಗೆ ಬದಲಿಸುವ ಕೆಲಸ ಇನ್ನೂ ನಡೆದಿದೆ.

ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕಿದೆ. ಹಾಗೆ ಎರಡನ್ನೂ ಇಟ್ಟುಕೊಳ್ಳುವವರು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಅದು ಪೂರ್ತಿ ಶಟ್‌ಡೌನ್ ಆಗುವುದಿಲ್ಲ. ಆಗ ಲಿನಕ್ಸ್‌ನಿಂದ ಅದರ ಫೈಲ್‌ಗಳನ್ನು ಓದಬಹುದು, ತಿದ್ದಿ ಉಳಿಸಲು ಆಗುವುದಿಲ್ಲ.

ಎಲ್ಲವೂ ಬಗೆಹರಿಯಿತು ಅಂತಲ್ಲ. ಬ್ರೌಸರ್‌ನಲ್ಲಿ ಟ್ಯಾಬ್‌ಗಳನ್ನು ಸಾಲಾಗಿ ತೆರೆದರೆ ಇಲ್ಲೂ ರ‍್ಯಾಮ್ ತುಂಬುತ್ತದೆ. ಈಗಿನ ವೆಬ್ ಪುಟಗಳೇ ಅಷ್ಟು ಭಾರ. ಅದಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಏನು ಮಾಡೀತು? ಆದರೆ ಆ ಟ್ಯಾಬ್‌ಗಳನ್ನು ತೆರೆದವನು ನಾನು, ಮುಚ್ಚುವುದೂ ನನ್ನ ಕೈಯಲ್ಲಿದೆ.

ನನ್ನದು ಚುರುಕಾದದ್ದು ನೋಡಿ ಅಕ್ಕ "ನಂದಕ್ಕೂ ಅದೇ ಹಾಕಿಕೊಡೋ" ಅಂದಳು. ಅವಳ ಆಫೀಸಿನ ಸಾಫ್ಟ್‌ವೇರ್ ಲಿನಕ್ಸ್‌ಗೆ ಸಿಗುವುದಿಲ್ಲ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಓಡಿಸಿ ನೋಡಿದೆ, ತೆರೆಯುತ್ತಿದ್ದ ಹಾಗೇ ನಿಂತುಹೋಯಿತು. "ಬೇಡಕ್ಕ, ನಿನ್ನ ಕೆಲಸ ಕೆಡುತ್ತೆ" ಅಂದೆ. ಅವಳದರಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಹೆಚ್ಚು ವೇಗದ ಡಿಸ್ಕ್) ಹಾಕಿಸಿದೆವು. ಸ್ಟಾರ್ಟಪ್ ಪಟ್ಟಿಯನ್ನು ಇಬ್ಬರೂ ಕೂತು ಚೊಕ್ಕ ಮಾಡಿದೆವು. ಈಗ ಅವಳ ಕೆಲಸಕ್ಕೆ ಅಡ್ಡಿಯಿಲ್ಲ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಆ ಪಟ್ಟಿಯನ್ನು ಒಮ್ಮೆ ನೋಡು ಅಂತ ಹೇಳಿದ್ದೇನೆ. ನನ್ನದಕ್ಕೂ ಇನ್ನು ಒಂದು ಎಸ್‌ಎಸ್‌ಡಿ ಹಾಕಿಸಬೇಕು.