ರ, ಗ, ಸ, ದ, ಅ ಮತ್ತು ಚಾಮರಾಜಪುರಂ ಸ್ಟೇಷನ್: ಮಗನ ಮನೆಪಾಠದ ಆರು ತಿಂಗಳು

ಜೂನ್ 3

ಪುಟ್ಟನನ್ನು ಶಾಲೆ ಬಿಡಿಸಿ ಎರಡು ತಿಂಗಳಾಯಿತು. ಅವನಿಗೀಗ ಎಂಟು ವರ್ಷ. ಆಟಿಸಂ ಇದೆ ಅಂತ ಗೊತ್ತಾಗಿದ್ದು ಮೂರು ವರ್ಷದವನಿದ್ದಾಗ. ಅವನು ಹೋಗುತ್ತಿದ್ದ ಶಾಲೆಯಲ್ಲಿ ಒಂದು ಕ್ಲಾಸಿಗೆ 42 ಮಕ್ಕಳು. ಬೆಲ್ ಹೊಡೆದರೆ ಸಾಕು, ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿಕೊಳ್ಳುತ್ತಿದ್ದ. "ಬಂದು ಕರ್ಕೊಂಡು ಹೋಗಿ" ಅಂತ ಒಂದೇ ವಾರದಲ್ಲಿ ಮೂರನೇ ಸಲ ಫೋನ್ ಬಂದ ದಿನ ನಾವಿಬ್ಬರೂ ಕೂತು ಮಾತಾಡಿದೆವು. ಸದ್ಯಕ್ಕೆ ಮನೆಯಲ್ಲೇ ಕಲಿಸೋಣ ಅಂತ ತೀರ್ಮಾನ ಆಯಿತು.

ಏನು ಮಾಡಿದೆ, ಏನು ಆಯಿತು, ಏನು ಆಗಲಿಲ್ಲ ಅಂತ ಇಲ್ಲಿ ಬರೆದಿಡುತ್ತಾ ಹೋಗುತ್ತೇನೆ.

ಮೊದಲು ಕಾಗದಪತ್ರದ ವಿಷಯ. ನೆಂಟರೆಲ್ಲ ಕೇಳುವುದು ಅದನ್ನೇ: "ಹತ್ತನೇ ಕ್ಲಾಸ್ ಹೇಗೆ ಬರೆಸ್ತೀರ?" ಅದಕ್ಕೆ ಎನ್‌ಐಒಎಸ್ ಇದೆ, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ದಿನಾ ಶಾಲೆಗೆ ಹೋಗದೆ ಅದರ ಪರೀಕ್ಷೆ ಬರೆಯಬಹುದು. ಅದರಲ್ಲಿ ಚಿಕ್ಕ ಮಕ್ಕಳಿಗೆ ಎ, ಬಿ, ಸಿ ಅಂತ ಮೂರು ಹಂತ. ಎ ಅಂದರೆ ಮೂರನೇ ಕ್ಲಾಸಿಗೆ ಸಮ, ಬಿ ಐದಕ್ಕೆ, ಸಿ ಎಂಟಕ್ಕೆ. ಹತ್ತನೇ ಕ್ಲಾಸಿಗೆ ಸೇರಲು 14 ತುಂಬಿರಬೇಕು. ಅಂದರೆ ನಮ್ಮ ಕೈಯಲ್ಲಿ ಆರು ವರ್ಷ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಸೇರಿದೆ. ಹಾಗಾಗಿ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಟ್ಟಿದ್ದೇವೆ. ಕಾರ್ಡ್ ಇನ್ನೂ ಮಾಡಿಸದವರು ದಯವಿಟ್ಟು ಮುಂದೆ ಹಾಕಬೇಡಿ. ಆಮೇಲೆ ಪರೀಕ್ಷೆಗೆ ಸ್ಕ್ರೈಬ್ (ಮಗು ಹೇಳಿದ್ದನ್ನು ಬರೆದುಕೊಡುವವರು), ಹೆಚ್ಚಿನ ಸಮಯ ಕೇಳುವಾಗ ಅದು ಉಪಯೋಗಕ್ಕೆ ಬರುತ್ತದೆ. ನಿಮ್ಮ ತಾಲ್ಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಶಿಕ್ಷಕರು ಯಾರು ಅಂತ ಕೇಳಿ ಪರಿಚಯ ಮಾಡಿಕೊಳ್ಳಿ. ವಿಶೇಷ ಅಗತ್ಯವಿರುವ ಮಕ್ಕಳ ಕಲಿಕೆ ನೋಡಿಕೊಳ್ಳುವವರು ಅವರೇ.

ಜೂನ್ 12

ಮೊದಲ ಟೈಮ್‌ಟೇಬಲ್ ಮೂರೇ ದಿನಕ್ಕೆ ಬಿತ್ತು.

ದೊಡ್ಡ ಡ್ರಾಯಿಂಗ್ ಶೀಟ್ ತಂದು, ಗೆರೆ ಎಳೆದು, ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಹಚ್ಚಿದ್ದೆ. 9:30ಕ್ಕೆ ಕನ್ನಡ, 10:15ಕ್ಕೆ ಗಣಿತ, 11ಕ್ಕೆ ಹಾಲು. ಮೂರನೇ ದಿನ ಸರಿಯಾಗಿ 10:10ಕ್ಕೆ ಗ್ಯಾಸ್ ಸಿಲಿಂಡರ್‌ನವನು ಬಂದ. ದುಡ್ಡು ಕೊಟ್ಟು ಒಳಗೆ ಬರುವಷ್ಟರಲ್ಲಿ 10:20. ಪುಟ್ಟ ಗಡಿಯಾರದ ಕೆಳಗೆ ನಿಂತು ನಡುಗುತ್ತಿದ್ದ. ಆಮೇಲೆ ನಲವತ್ತು ನಿಮಿಷ ಅಳು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳದ ಹಾಗೆ ದಿಂಬು ಅಡ್ಡ ಹಿಡಿದು ಪಕ್ಕದಲ್ಲೇ ಕೂತಿದ್ದೆ.

ರಾತ್ರಿ ಯೋಚನೆ ಮಾಡಿದೆ. 10:15ಕ್ಕೆ ಗಣಿತ ಅಂತ ನಾನೇ ಬರೆದು ಹಚ್ಚಿದ್ದೆ. ಅವನು ಅದನ್ನು ನಂಬಿದ್ದ. ಮಾತು ತಪ್ಪಿದ್ದು ನಾನು.

ಬೆಳಿಗ್ಗೆ ಎದ್ದು ಶೀಟ್ ಕಿತ್ತು ಹಾಕಿದೆ.

ಜೂನ್ 24

ಹತ್ತು ದಿನ ಏನೂ ಕಲಿಸಲಿಲ್ಲ. ಸುಮ್ನೆ ನೋಡಿದೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ನನ್ನ ಪ್ರಕಾರ ಇಲ್ಲಿಯವರೆಗೆ ಜಾಸ್ತಿ ಉಪಯೋಗಕ್ಕೆ ಬಂದ ಕೆಲಸ ಇದೇ.

ಪೆನ್ಸಿಲ್ ಹಿಡಿದರೆ ನಾಲ್ಕು ನಿಮಿಷ. ಬಕೆಟ್ ನೀರು, ಒಂದು ಲೋಟ ಕೊಟ್ಟರೆ 25 ನಿಮಿಷ ಕೂತಲ್ಲಿಂದ ಏಳುವುದಿಲ್ಲ. ಶರ್ಟಿನ ಗುಂಡಿ ಹಾಕಲು ಬರುವುದಿಲ್ಲ. ನೀರು ಬೇಕಾದರೆ ಬಾಯಲ್ಲಿ ಕೇಳದೆ ನನ್ನ ಕೈ ಹಿಡಿದು ಫಿಲ್ಟರ್ ಹತ್ತಿರ ಎಳೆಯುತ್ತಾನೆ. ಮಾತು ಅಷ್ಟಿಷ್ಟು ಇದೆ, ಹೆಚ್ಚಿನದು ಎಲ್ಲೋ ಕೇಳಿದ್ದು. "ಪ್ರಯಾಣಿಕರು ದಯವಿಟ್ಟು ಗಮನಿಸಿ" ಅಂತ ಸ್ಟೇಷನ್ನಿನ ದನಿಯಲ್ಲೇ ಹೇಳುತ್ತಾನೆ, ದಿನಕ್ಕೆ ಇಪ್ಪತ್ತು ಸಲವಾದರೂ.

ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುವಾಗ ಅವನು ಏನೋ ಗುನುಗುವುದನ್ನು ನಾವೆಲ್ಲ ಶಬ್ದ ಅಂದುಕೊಂಡಿದ್ದೆವು. ಹತ್ತಿರ ಕೂತು ಕಿವಿಗೊಟ್ಟರೆ ಹೆಸರುಗಳು! ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿ. ಒಂದು ಮುಚ್ಚಳಕ್ಕೆ ಒಂದು ಸ್ಟೇಷನ್, ಮೈಸೂರಿಂದ ಬೆಂಗಳೂರಿಗೆ ಹೋಗುವ ಕ್ರಮದಲ್ಲೇ. ನಾವು ಆ ದಾರಿಯಲ್ಲಿ ರೈಲಿನಲ್ಲಿ ಹೋಗಿದ್ದು ಮೂರೋ ನಾಲ್ಕೋ ಸಲ ಅಷ್ಟೆ. ಇವರನ್ನು ಕರೆದು ಕೇಳಿಸಿದೆ. ಇಬ್ಬರೂ ನೆಲದ ಮೇಲೆ ಕೂತು ಕೆಂಗೇರಿ ಬರುವವರೆಗೂ ಉಸಿರು ಹಿಡಿದು ಕೇಳಿದೆವು.

ಜುಲೈ 8

ಹೊಸ ವ್ಯವಸ್ಥೆ. ಗಡಿಯಾರ ಇಲ್ಲ, ಕ್ರಮ ಮಾತ್ರ.

1970ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಮತ್ತು ಜೊತೆಯವರು ಬೆಳೆಸಿದ ಟೀಚ್ ಅನ್ನುವ ಪದ್ಧತಿ ಇದೆ. ಅದರಲ್ಲಿ ಮಗುವಿಗೆ ನಾಲ್ಕು ವಿಷಯ ಕಣ್ಣಿಗೆ ಕಾಣಬೇಕು: ಯಾವ ಕೆಲಸ, ಎಷ್ಟು, ಮುಗಿದದ್ದು ಹೇಗೆ ಗೊತ್ತಾಗುತ್ತೆ, ಆಮೇಲೆ ಏನು. ನನ್ನ ಡ್ರಾಯಿಂಗ್ ಶೀಟಿನಲ್ಲಿ ಇವುಗಳಲ್ಲಿ ಮೂರು ಇರಲೇ ಇಲ್ಲ.

ನಮ್ಮ ಮನೆಯಲ್ಲಿ ಅದು ಹೀಗಿದೆ. ಕಿಟಕಿ ಪಕ್ಕ ಒಂದು ಮಣೆ. ಎಡಗಡೆ ಮೂರು ಐಸ್‌ಕ್ರೀಮ್ ಡಬ್ಬಿ, ಒಂದರ ಮೇಲೆ ಕೆಂಪು, ಒಂದರ ಮೇಲೆ ಹಳದಿ, ಒಂದರ ಮೇಲೆ ನೀಲಿ ಚುಕ್ಕಿ. ಬಲಗಡೆ ಒಂದು ಬುಟ್ಟಿ, ಅದರ ಮೇಲೆ "ಮುಗೀತು" ಅಂತ ಬರೆದಿದೆ. ಒಂದೊಂದು ಡಬ್ಬಿಯಲ್ಲಿ ಒಂದೇ ಕೆಲಸ. ಕೆಲಸ ಆದ ಮೇಲೆ ಡಬ್ಬಿ ಬುಟ್ಟಿಗೆ. ಎಡಗಡೆ ಖಾಲಿಯಾದರೆ ಪಾಠ ಮುಗಿಯಿತು, ಬಕೆಟ್ ನೀರಿನ ಚಿತ್ರ ಇರುವ ಕಾರ್ಡು ಅವನ ಕೈಗೆ. ಚಿತ್ರಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಎರಡೇ ದಿನದಲ್ಲಿ ಕಚ್ಚಿ ಹಾಳು ಮಾಡುತ್ತಿದ್ದ, ಅದಕ್ಕೇ.

ಮೊದಲ ದಿನ ಮೂರು ಡಬ್ಬಿಗೂ ಸೇರಿ ಆರು ನಿಮಿಷ. ಒಂದು ಹನಿ ಕಣ್ಣೀರಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಡಬ್ಬಿಯ ಕೆಲಸ ಮೊದಲು ಅವನಿಗೆ ಬರುವಂಥದ್ದೇ ಇರಲಿ, ಹೊಸದನ್ನು ಒಂದೇ ಒಂದು ಇಡಿ ಅಂತ ವಿಶೇಷ ಶಿಕ್ಷಕಿ ಹೇಳಿದ್ದರು. ಗುರಿ ಬರೆಯುವುದನ್ನೂ ಅವರೇ ಕಲಿಸಿದರು. "ಪುಟ್ಟ ಚೆನ್ನಾಗಿ ಓದಬೇಕು" ಅಂತ ಬರೆದಿದ್ದೆ. ಅದನ್ನು ಹೊಡೆದು ಹಾಕಿಸಿ, "ಐದು ಕಾರ್ಡಿನಲ್ಲಿ ನಾಲ್ಕನ್ನು, ಸಹಾಯ ಇಲ್ಲದೆ, ಸತತ ಮೂರು ದಿನ ಓದಬೇಕು" ಅಂತ ಬರೆಸಿದರು. ಈಗ ಶುಕ್ರವಾರ ನೋಟ್‌ಬುಕ್ ತೆಗೆದರೆ ಆಯಿತೋ ಇಲ್ಲವೋ ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಜುಲೈ 30

ಓದು.

ಎದುರು ಮನೆಯಲ್ಲಿ ನಿವೃತ್ತ ಮೇಷ್ಟ್ರಿದ್ದಾರೆ. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಪಾಠ ಮಾಡಿದವರು. ನಲಿ-ಕಲಿ ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ. ಕಲಿಕಾ ಏಣಿ ಅಂತ ಇರುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಕಾರ್ಡುಗಳು. ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ನಿಂತು ಕಲಿಯುತ್ತದೆ, ಪಕ್ಕದ ಮಗು ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ಇದನ್ನು ಕೇಳಿ ನನಗೆ ಗಂಟಲು ಕಟ್ಟಿತು. ನಮ್ಮ ಹುಡುಗನಿಗೆ ಬೇಕಾಗಿದ್ದು ಇದೇ ಅಲ್ವಾ?

"ಅ ಆ ಇ ಈ ಇಂದ ಶುರು ಮಾಡ್ಬೇಡಮ್ಮ" ಅಂದರು ಮೇಷ್ಟ್ರು. ಅಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಬರೆಯಲು ಸುಲಭ, ಐದೇ ಅಕ್ಷರಕ್ಕೆ ಎಷ್ಟೊಂದು ಪದ: ಸರ, ದರ, ರಸ, ಅರಸ, ಅಗಸ, ಗರಗಸ. ಪುಟ್ಟನಿಗೆ ಸರ, ಅರಸ ಯಾವುದೂ ಬೇಡ. ಗರಗಸ ಮಾತ್ರ ಬಹಳ ಇಷ್ಟವಾಯಿತು. ಕಾರ್ಡು ಎತ್ತಿಕೊಂಡು "ಗರಗರಗರ" ಅಂತ ಮನೆಯೆಲ್ಲ ಓಡಾಡಿದ. ಎರಡು ವಾರಕ್ಕೆ ಐದೂ ಅಕ್ಷರ ಗುರುತು ಹಿಡಿದ. ಮುಂದಿನ ಗುಂಪಿನ ಮ, ನ ಬಂದ ದಿನ ನನಗೆ ಹೊಳೆಯಿತು. ರ, ಮ, ನ, ಗ ಇದ್ದರೆ, ಒಂದು ದೀರ್ಘ ಸೇರಿಸಿದರೆ, ರಾಮನಗರ!

ಆಗಸ್ಟ್ 17

ಭಾನುವಾರ ಬೆಳಿಗ್ಗೆ ಚಾಮರಾಜಪುರಂ ಸ್ಟೇಷನ್ನಿಗೆ ಹೋಗುವುದು ಈಗ ಪಾಠದ ಭಾಗ. ಚಿಕ್ಕ ಸ್ಟೇಷನ್, ಚಾಮರಾಜನಗರದ ಲೈನಿನಲ್ಲಿದೆ, ಆ ಹೊತ್ತಿಗೆ ಜನ ಕಮ್ಮಿ. ಹಳದಿ ಬೋರ್ಡು, ಕಪ್ಪು ಅಕ್ಷರ, ಮೇಲೆ ಕನ್ನಡ. ಇವತ್ತು ಅವನು ಬೋರ್ಡಿನ ಕೆಳಗೆ ನಿಂತು, ತೋರುಬೆರಳನ್ನು ಗಾಳಿಯಲ್ಲೇ ಒಂದೊಂದು ಅಕ್ಷರದ ಮೇಲೆ ಇಟ್ಟ. ಚಾ. ಮ. ರಾ. ಜ. ಪು. ಆಮೇಲೆ ನಿಂತುಬಿಟ್ಟ. ಕೊನೆಯ ಸೊನ್ನೆ ಏನು ಅಂತ ಗೊತ್ತಾಗಲಿಲ್ಲ. ನಾನು ಹೇಳಲಿಲ್ಲ. ಹತ್ತು ಸೆಕೆಂಡ್ ಕಾಯಿರಿ ಅನ್ನುವುದು ಥೆರಪಿಯಲ್ಲಿ ಕಲಿತದ್ದು, ಕಾಯುವುದು ತುಂಬಾ ಕಷ್ಟ. ಅವನು ಬಾಯಿ ಮುಚ್ಚಿ "ಮ್‌ಮ್‌" ಅಂದ. ಆಮೇಲೆ ನನ್ನ ಮುಖ ನೋಡಿದ. ನೇರವಾಗಿ. "ರಂ."

ಹೆಸರು ಅವನಿಗೆ ಬಾಯಲ್ಲಿ ಮೊದಲೇ ಗೊತ್ತು. ಅದನ್ನು ಒಡೆದು ಒಳಗಿನ ಅಕ್ಷರ ನೋಡುವುದು ಮಾತ್ರ ಹೊಸದು. ಹಾಗಾಗಿ ಕಾಗುಣಿತದ ದೊಡ್ಡ ಪಟ್ಟಿಯನ್ನು ಎತ್ತಿಟ್ಟೆ. 34 ವ್ಯಂಜನ, ಒಂದೊಂದಕ್ಕೂ ಅಷ್ಟೊಂದು ಗುಣಿತ, ನೋಡಿದರೆ ನನಗೇ ಸುಸ್ತು. ಬದಲಿಗೆ ಗುಡಿಸು ಬೇಕಾದರೆ ಬಿಡದಿ, ಕೊಂಬು ಬೇಕಾದರೆ ನಂಜನಗೂಡು, ಕೆ ಮತ್ತು ಗೇ ಎರಡೂ ಬೇಕಾದರೆ ಕೆಂಗೇರಿ. ಗೂ, ಡು ಅಂತ ಹ್ರಸ್ವ ದೀರ್ಘ ಎರಡೂ ಒಂದೇ ಹೆಸರಿನಲ್ಲಿ ಸಿಕ್ಕಿದ್ದು ನಮ್ಮ ಅದೃಷ್ಟ.

ಸೆಪ್ಟೆಂಬರ್ 19

ಗಣಿತ ಕೈಕೊಟ್ಟಿದೆ. ಪುಸ್ತಕದ ಕಳೆಯುವ ಲೆಕ್ಕ, ಹುಣಸೆ ಬೀಜ, ಮಣಿ ಎಲ್ಲಾ ಮಾಡಿ ನೋಡಿದೆ. ಬೀಜಗಳನ್ನು ಸಾಲು ಜೋಡಿಸುತ್ತಾನೆ. ಒಂದನ್ನು ತೆಗೆದರೆ ಸಾಲು ಕೆಟ್ಟಿತು ಅಂತ ಮತ್ತೆ ವಾಪಸ್ ಇಡುತ್ತಾನೆ.

ಆದರೆ ಅಡುಗೆಮನೆಯಲ್ಲಿ ಒಂದು ಸಂಗತಿ ನಡೆಯಿತು. ಕುಕ್ಕರ್ ವಿಶಲ್ ಅಂದರೆ ಅವನಿಗೆ ಭಯ. ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅನ್ನುವುದು ಗೊತ್ತಿಲ್ಲದಿರುವುದೇ ಜಾಸ್ತಿ ಹಿಂಸೆ ಅಂತ ನನಗೆ ಅನ್ನಿಸಿತು. ಒಂದು ರಟ್ಟಿನ ತುಂಡಿಗೆ ಬಟ್ಟೆ ಒಣಹಾಕುವ ಕ್ಲಿಪ್ ಮೂರು ಸಿಕ್ಕಿಸಿ ಹಾಲ್‌ನ ಬಾಗಿಲ ಪಕ್ಕ ನೇತುಹಾಕಿದೆ. ನಮ್ಮಲ್ಲಿ ಬೇಳೆಗೆ ಮೂರು ವಿಶಲ್. ಒಂದು ವಿಶಲ್ ಆದರೆ ಒಂದು ಕ್ಲಿಪ್ ಕೆಳಗಿನ ಡಬ್ಬಿಗೆ. ಕ್ಲಿಪ್ ಖಾಲಿಯಾದರೆ ಸ್ಟವ್ ಆಫ್, ಖಂಡಿತ ಆಫ್. ಬೇಳೆ ಬೇಯದಿದ್ದರೂ ಪರವಾಗಿಲ್ಲ ಅಂತ ಅತ್ತೆಗೂ ಹೇಳಿಟ್ಟಿದ್ದೆ.

ಮೊದಲ ವಾರ ನಾನೇ ತೆಗೆದೆ, ಅವನು ರೂಮಿನಿಂದ ಇಣುಕಿದ. ಎರಡನೇ ವಾರ ಸದ್ದು ನಿಂತ ತಕ್ಷಣ ಓಡಿಬಂದು, ಒಂದು ಕೈ ಕಿವಿ ಮೇಲೇ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕ್ಲಿಪ್ ಕಿತ್ತು ಡಬ್ಬಿಗೆ ಹಾಕಿ ಓಡಿದ. ನಿನ್ನೆ ಎರಡನೇ ವಿಶಲ್ ಆದ ಮೇಲೆ ಅಲ್ಲೇ ನಿಂತ. ರಟ್ಟು ನೋಡಿದ. "ಇನ್ನೊಂದು" ಅಂದ.

ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿದರು. "ನೋಡೇ, ಕಳೆಯೋ ಲೆಕ್ಕ ಬಂತು ನಮ್ಮ ಕೂಸಿಗೆ!"

ಕ್ಲಿಪ್ ಒತ್ತುವುದು ಬೆರಳಿಗೂ ಒಳ್ಳೆಯದು ಅಂತ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೈಕೆಲಸ ರೂಢಿಸುವವರು) ಹೇಳಿದರು. ಪೆನ್ಸಿಲ್ ಹಿಡಿಯುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ. ತಟ್ಟೆಯಲ್ಲಿ ರವೆ ಹರಡಿ ಅದರಲ್ಲಿ ಬೆರಳಿಂದ ಬರೆಯುತ್ತಾನೆ. ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು ಅವನ ಪಾಲಿನ ಕೆಲಸ.

ಅಕ್ಟೋಬರ್ ಕೊನೆ

ದಸರಾ, ಆಮೇಲೆ ದೀಪಾವಳಿ. ನಮ್ಮಂಥ ಮನೆಗಳಿಗೆ ಭಾರವಾದ ತಿಂಗಳು.

ಪ್ರತಿ ವರ್ಷ ಜಂಬೂಸವಾರಿಗೆ ಮುಂಚೆ ಆನೆ, ಕುದುರೆಗಳಿಗೆ ಫಿರಂಗಿ ಸದ್ದಿನ ತಾಲೀಮು ಮಾಡಿಸುತ್ತಾರೆ. 21 ಸುತ್ತು ಕುಶಾಲತೋಪು ಹಾರುವಾಗ ಅವು ಬೆದರಬಾರದು ಅಂತ. ಆ ಸುದ್ದಿ ನೋಡುತ್ತಾ ನಮ್ಮ ಹುಡುಗನಿಗೂ ತಾಲೀಮು ಮಾಡಿಸಬೇಕು ಅನ್ನಿಸಿತು. ಪಟಾಕಿ ಸದ್ದನ್ನು ಫೋನಿನಲ್ಲಿ ತುಂಬಾ ಸಣ್ಣಗೆ ಇಟ್ಟು ದಿನಕ್ಕೆ ಮೂರು ಸಲ, ಕ್ಲಿಪ್ ಜೊತೆಗೆ. ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿದೆವು. ಅವನು ಬೇಡ ಅಂತ ಕೈ ಮಾಡಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮೆರವಣಿಗೆಗೆ ಕರೆದೊಯ್ಯಲಿಲ್ಲ. ಕಿವಿಗೆ ಇಯರ್‌ಮಫ್ ಹಾಕಿಸಿ ಸ್ಕೂಟರಿನಲ್ಲಿ ಒಂದು ಸುತ್ತು ದೀಪ ತೋರಿಸಿಕೊಂಡು ಬಂದೆವು. ದೀಪಾವಳಿಯ ಎರಡು ರಾತ್ರಿ ಚೆನ್ನಾಗಿ ಕಳೆದವು, ಮೂರನೇ ರಾತ್ರಿ ಪಕ್ಕದ ರಸ್ತೆಯ ಸರಪಟಾಕಿಗೆ ಎಲ್ಲ ಕುಸಿಯಿತು.

ಆ ಎರಡು ವಾರ ದಿನಕ್ಕೆ ಒಂದೇ ಡಬ್ಬಿ ಇಟ್ಟಿದ್ದೆ. ಆಮೇಲೆ ಮೂರು ಕಾರ್ಡು ಮರೆತಿದ್ದ, ನಾಲ್ಕು ದಿನದಲ್ಲಿ ವಾಪಸ್ ಬಂದವು.

ನವೆಂಬರ್ 23

"ಮನೇಲೇ ಇಟ್ಕೊಂಡ್ರೆ ಬೇರೆ ಮಕ್ಕಳ ಜೊತೆ ಬೆರೆಯೋದು ಯಾವಾಗ?" ಅಂತ ನಮ್ಮಕ್ಕ ಕೇಳಿದಳು. ಕೇಳಿದ್ದು ಸರಿ. ಇದರಲ್ಲಿ ನಾನು ಹಿಂದೆ ಬಿದ್ದಿದ್ದೇನೆ. ಸಂಜೆ ಪಾರ್ಕಿನಲ್ಲಿ ಪಕ್ಕದ ಮನೆಯ ಇಬ್ಬರು ಮಕ್ಕಳ ಜೊತೆ ಉಯ್ಯಾಲೆ ಸರದಿ ಕಾಯುವುದಷ್ಟೇ ಈಗ ಇರುವುದು. ಒಬ್ಬೊಬ್ಬರಿಗೂ ಹತ್ತು ಎಣಿಕೆ. ಪುಟ್ಟನೇ ಎಣಿಸುತ್ತಾನೆ, ಒಂದು ಎಣಿಕೆಯೂ ಹೆಚ್ಚು ಕೊಡುವುದಿಲ್ಲ, ತನಗೂ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ಈ "ಪ್ರಯಾಣಿಕರು ದಯವಿಟ್ಟು ಗಮನಿಸಿ" ನಿಲ್ಲಿಸುವುದು ಹೇಗೆ ಅಂತ ಸ್ಪೀಚ್ ಥೆರಪಿಸ್ಟ್‌ರನ್ನು ಕೇಳಿದ್ದೆ. ನಿಲ್ಲಿಸಬೇಡಿ, ಯಾವಾಗ ಹೇಳುತ್ತಾನೆ ಅಂತ ಬರೆದಿಡಿ ಅಂದರು. ಹದಿನೈದು ದಿನ ಬರೆದೆ. ನಾನು ಫೋನಿನಲ್ಲಿದ್ದಾಗ, ಪಾತ್ರೆ ತೊಳೆಯುವಾಗ, ಅತ್ತೆ ಜೊತೆ ಮಾತಾಡುವಾಗ. ಅವನು ನನ್ನನ್ನೇ ಕರೆಯುತ್ತಿದ್ದ! ಇಷ್ಟು ದಿನ, ದಿನಕ್ಕೆ ಇಪ್ಪತ್ತು ಸಲ. ಈಗ ಅದು ಕೇಳಿದ ತಕ್ಷಣ ಕೈ ಒರೆಸಿಕೊಂಡು ತಿರುಗಿ, "ಏನಪ್ಪಾ?" ಅನ್ನುತ್ತೇನೆ. ನೀರು, ಬಿಸ್ಕೆಟ್, ರೈಲು ಮೂರರ ಕಾರ್ಡು ಕೈಗೆಟುಕುವ ಹಾಗೆ ಇಟ್ಟಿದ್ದೇನೆ. ಗುರುವಾರ ಕಾರ್ಡು ಮುಟ್ಟದೆ ಬಾಯಲ್ಲೇ ಹೇಳಿದ: "ಪ್ರಯಾಣಿಕರು ದಯವಿಟ್ಟು ಗಮನಿಸಿ. ನೀರು."

ಯಾರಾದರೂ ಯಾವ ಕ್ಲಾಸ್ ಅಂತ ಕೇಳಿದರೆ ನಾನೀಗ ಒಂದೇ ಸಂಖ್ಯೆ ಹೇಳುವುದಿಲ್ಲ. ಓದು ಒಂದನೇ ಕ್ಲಾಸಿನ ನಡುವೆ. ನಕ್ಷೆಯಲ್ಲಿ ಊರು ಹುಡುಕುವುದು ನಾಲ್ಕನೇ ಕ್ಲಾಸಿನವರಿಗಿಂತ ಚುರುಕು. ಶರ್ಟಿನ ಐದು ಗುಂಡಿಯಲ್ಲಿ ಎರಡು ಹಾಕುತ್ತಾನೆ.

ನಾಳೆ ಸೋಮವಾರ. ಕೆಂಪು ಡಬ್ಬಿಯಲ್ಲಿ ಹಳೆಯ ಶರ್ಟಿನ ಎರಡು ಗುಂಡಿ, ಹಳದಿಯಲ್ಲಿ ಬಿಡದಿ, ಕೆಂಗೇರಿ, ರಾಮನಗರದ ಕಾರ್ಡುಗಳು. ಒತ್ತಕ್ಷರ ಶುರು ಮಾಡಬೇಕು. ನೀಲಿ ಡಬ್ಬಿಯಲ್ಲಿ ಒಂದೇ ಒಂದು ಹೊಸ ಕಾರ್ಡು ಇಟ್ಟಿದ್ದೇನೆ, ಮಂಡ್ಯ. ಯ ಒತ್ತನ್ನು ಮಾತ್ರ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ.