25 ಕಿ.ಮೀ. ಸವಾರಿಗೆ ತಯಾರಿ: ಐದನೇ ವಾರಕ್ಕೆ ಬೆರಳು ಮುರಿತ, ತಿದ್ದಿದ ಯೋಜನೆ

1ರಿಂದ 4ನೇ ವಾರ

ಗುರಿ ಇದ್ದದ್ದು 12ನೇ ವಾರದ ಕೊನೆಗೆ ಏರಿಳಿತದ ಮಣ್ಣುದಾರಿಯಲ್ಲಿ 25 ಕಿ.ಮೀ. ಕುದುರೆ ಸವಾರಿ. ಕುದುರೆ ಸುಮಾರು 450 ಕೆ.ಜಿ., ಬಹಳ ದಿನ ಬಿಡುವಿನಲ್ಲಿದ್ದದ್ದು. ಮೊದಲ ಮೂರು ವಾರ ಬರೀ ನಡಿಗೆ. ದಿನಕ್ಕೆ 20 ನಿಮಿಷದಿಂದ ಶುರುಮಾಡಿ ಮೂರನೇ ವಾರಕ್ಕೆ 60 ನಿಮಿಷ, ವಾರಕ್ಕೆ ಐದು ದಿನ. ನಾಲ್ಕನೇ ವಾರದಿಂದ ನಡಿಗೆಯ ಮಧ್ಯೆ ಎರಡೆರಡು ನಿಮಿಷದ ಟ್ರಾಟ್ (ನಡಿಗೆಗಿಂತ ಚುರುಕಾದ ಕುಲುಕು ಓಟ), ನಾಲ್ಕು ಸಲ. ಹೃದಯ, ಉಸಿರು ಬೇಗ ಹದಕ್ಕೆ ಬರುತ್ತವೆ. ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಟ್ಟಲೆ ಬೇಕು. ಕುದುರೆ ಹುರುಪಾಗಿದೆ ಅಂತ ಈ ಹಂತದಲ್ಲಿ ಓಡಿಸಿದವರ ಕುದುರೆಗಳೇ ಕಾಲು ಊದಿಸಿಕೊಂಡು ನಿಲ್ಲುವುದು. ನಾಲ್ಕು ವಾರ ಯೋಜನೆಯಂತೆಯೇ ಕಳೆಯಿತು.

5ನೇ ವಾರ, ಮೊದಲ ದಿನ: ಗಾಯ

ಲಾಯದಿಂದ ಹೊರಗೆ ಕರೆತರುವಾಗ ಗಾಳಿಗೆ ಟಾರ್ಪಾಲು ಪಟಪಟ ಬಡಿಯಿತು, ಕುದುರೆ ತಲೆ ಎತ್ತಿ ಎರಡು ಹೆಜ್ಜೆ ಹಿಂದಕ್ಕೆ ಜಗ್ಗಿತು. ಎಡಗೈಯ ಉಂಗುರ ಬೆರಳಿನ ಬುಡದ ಮೂಳೆ ಬಿರುಕು ಬಿಟ್ಟಿತು. ಟಾರ್ಪಾಲಿನದೂ ತಪ್ಪಲ್ಲ, ಕುದುರೆಯದೂ ಅಲ್ಲ. ಹಗ್ಗ ಹಿಡಿದ ರೀತಿಯದು.

ಕುದುರೆಯನ್ನು ಹಿಡಿದು ನಡೆಸುವ ಲೀಡ್ ಹಗ್ಗ 3 ಮೀಟರ್ ಉದ್ದ. ಕುದುರೆಯ ಗದ್ದದಿಂದ ಬಲಗೈಗೆ ಒಂದಡಿ ಹೋದರೆ ಉಳಿದದ್ದೆಲ್ಲ ಎಡಗೈಯಲ್ಲಿ ಇರಬೇಕು. ಅದನ್ನು ಸುರುಳಿ ಸುತ್ತಿ ಬೆರಳುಗಳನ್ನು ಆ ಸುರುಳಿಯೊಳಗೆ ತೂರಿಸಿ ಹಿಡಿಯುವುದು ಬಹಳ ಜನರ ಅಭ್ಯಾಸ. ಒಂದು ತುದಿ ಜಗ್ಗಿದ ಕೂಡಲೇ ಆ ಸುರುಳಿ ಉರುಳಿನ ಹಾಗೆ ಬಿಗಿಯುತ್ತದೆ, ಕೈ ಬಿಡೋಣ ಅಂದರೂ ಬಿಡಲು ಬರುವುದಿಲ್ಲ. ಸರಿಯಾದದ್ದು ಮಡಿಕೆ: ಹಗ್ಗವನ್ನು ಸೀರೆಯ ನೆರಿಗೆಯ ಹಾಗೆ ಹಿಂದೆ ಮುಂದೆ ಮಡಚಿ, ಆ ಕಟ್ಟಿನ ನಡುವನ್ನು ಹೊರಗಿನಿಂದ ಮುಷ್ಟಿಯಲ್ಲಿ ಹಿಡಿಯುವುದು. ಆಗ ಎಳೆದರೆ ಒಂದೊಂದೇ ನೆರಿಗೆ ಬಿಚ್ಚಿ ಜಾರಿ ಹೋಗುತ್ತದೆ. ನಂಬಿಕೆ ಬಾರದಿದ್ದರೆ ಕುದುರೆ ಇಲ್ಲದೆಯೇ ನೋಡಬಹುದು. ಬೆರಳಿನ ಬದಲು ಪೊರಕೆ ಹಿಡಿಯನ್ನು ಸುರುಳಿಗೆ ತೂರಿಸಿ, ಇನ್ನೊಬ್ಬರು ಜಗ್ಗಲಿ.

ಕೈಗವಸು ಹಾಕಿದ್ದರೆ? ಚರ್ಮ ಉಜ್ಜಿ ಸುಡುವುದು ತಪ್ಪುತ್ತಿತ್ತು, ಮೂಳೆ ಉಳಿಯುತ್ತಿರಲಿಲ್ಲ. ಇನ್ನೊಂದು ತಪ್ಪು, ಹಿಂದಕ್ಕೆ ಹೋಗುವ ಕುದುರೆಯನ್ನು ಎದುರು ನಿಂತು ಎಳೆದದ್ದು. ಹಾಲ್ಟರ್ (ಹಗ್ಗ ಕಟ್ಟುವ ತಲೆಪಟ್ಟಿ) ಕಿವಿಯ ಹಿಂದೆ ಒತ್ತಿದಷ್ಟೂ ಕುದುರೆ ಒತ್ತಡಕ್ಕೆ ವಿರುದ್ಧವಾಗಿ ಜಗ್ಗುತ್ತದೆ. ಹಗ್ಗ ಸಡಿಲ ಬಿಟ್ಟು, ಅದರ ಹೆಗಲ ಪಕ್ಕಕ್ಕೆ ಸರಿದು, ಜೊತೆಗೇ ಎರಡು ಹೆಜ್ಜೆ ಹೋದರೆ ಹೆಚ್ಚಿನ ಕುದುರೆಗಳು ನಿಲ್ಲುತ್ತವೆ.

ಮೊದಲ ಗಂಟೆಯಲ್ಲಿ ಆದದ್ದು ಈ ಕ್ರಮದಲ್ಲಿ: ಕುದುರೆಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು, ಬೆರಳು ಊದುವ ಮೊದಲೇ ಉಂಗುರ ತೆಗೆದದ್ದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15 ನಿಮಿಷ, ಕೈ ಎದೆಯ ಮಟ್ಟಕ್ಕಿಂತ ಮೇಲೆ. ಆಮೇಲೆ ಎಕ್ಸ್‌ರೇ. ಮೂಳೆ ಜರುಗಿರಲಿಲ್ಲ. ಎಕ್ಸ್‌ರೇಗಿಂತ ಮೊದಲೇ ನೋಡಬೇಕಾದ ಒಂದು ಗುರುತು ಇದೆ. ಬೆರಳುಗಳನ್ನು ನಿಧಾನ ಅರ್ಧ ಮಡಚಿದಾಗ ಎಲ್ಲ ಉಗುರೂ ಹೆಬ್ಬೆರಳಿನ ಬುಡದ ಕಡೆ ಮುಖ ಮಾಡಬೇಕು. ಒಂದು ಬೆರಳು ಪಕ್ಕದ್ದರ ಮೇಲೆ ಹತ್ತಿದರೆ ಮೂಳೆ ತಿರುಚಿದೆ ಎಂದರ್ಥ, ಅದಕ್ಕೆ ಬರೀ ಪಟ್ಟಿ ಸಾಲದು. ಅಂಗೈಯಲ್ಲಿ ಹಗ್ಗ ಉಜ್ಜಿದ ಗಾಯ ಇದ್ದದ್ದರಿಂದ ಟೆಟನಸ್ ಚುಚ್ಚುಮದ್ದೂ ಆಯಿತು. ಲಾಯದ ಮಣ್ಣು, ಲದ್ದಿ ತಾಗಿದ ಗಾಯಕ್ಕೆ ಹಿಂದಿನ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಹಾಕಿಸಿಕೊಳ್ಳಲೇಬೇಕು.

ಚಿಕಿತ್ಸೆ: ಉಂಗುರ ಬೆರಳನ್ನು ನಡುಬೆರಳಿಗೆ ಸೇರಿಸಿ ಪಟ್ಟಿ, ಮಧ್ಯೆ ಗಾಜ್ ಬಟ್ಟೆ, ನಾಲ್ಕು ವಾರ.

ಅದೇ ದಿನ ಸಂಜೆ: ದಾಣಿ

ಬೆರಳಿನ ಗಲಾಟೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಸವಾರಿ ನಿಂತ ದಿನವೇ ಕಾಳಿನ ದಾಣಿ ದಿನಕ್ಕೆ 3 ಕೆ.ಜಿ.ಯಿಂದ 1 ಕೆ.ಜಿ.ಗೆ ಇಳಿಯಿತು. ಒಣಹುಲ್ಲು ಮಾತ್ರ ಹಾಗೇ, 9 ಕೆ.ಜಿ., ಅಂದರೆ ಮೈತೂಕದ ಶೇ 2. ಉಪ್ಪು 25 ಗ್ರಾಂ. ಕೆಲಸವಿಲ್ಲದೆ ದಾಣಿ ಪೂರ್ತಿ ತಿಂದ ಕುದುರೆ ಕುಣಿಯುತ್ತದೆ ಅನ್ನುವುದು ಸಣ್ಣ ವಿಷಯ. ಮತ್ತೆ ಕೆಲಸಕ್ಕೆ ಇಳಿಸಿದ ದಿನ ಸೊಂಟದ, ತೊಡೆಯ ಸ್ನಾಯುಗಳು ಕಲ್ಲಿನಂತೆ ಸೆಟೆದು ಹೆಜ್ಜೆ ಎತ್ತಲಾರದೆ ನಿಂತುಬಿಡಬಹುದು. ಬೆವರು ಸುರಿಯುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಗ ನಡೆಸಬಾರದು. ನಿಂತಲ್ಲೇ ನಿಲ್ಲಿಸಿ ಪಶುವೈದ್ಯರನ್ನು ಕರೆಸಬೇಕು. ಭಾನುವಾರ ರಜೆ, ಮೇವು ಮಾತ್ರ ಪೂರ್ತಿ, ಸೋಮವಾರ ಗಾಡಿಗೆ ಕಟ್ಟಿದ ಕುದುರೆಗಳಿಗೆ ಬರುತ್ತಿದ್ದದ್ದರಿಂದ ಇದಕ್ಕೆ ಸೋಮವಾರದ ರೋಗ ಅಂತಲೇ ಹೆಸರಿತ್ತು.

5ರಿಂದ 8ನೇ ವಾರ: ಒಂದೂವರೆ ಕೈಯ ಕೆಲಸ

ಕೆಲಸಗಳನ್ನು ಎರಡು ಪಾಲು ಮಾಡಲಾಯಿತು. ಕುದುರೆ ಹಠಾತ್ತನೆ ಜಗ್ಗಬಹುದಾದದ್ದೆಲ್ಲ ಸಹಾಯಕರಿಗೆ: ಹಗ್ಗ ಹಿಡಿದು ನಡೆಸುವುದು, ಗೊರಸು ಎತ್ತಿ ಶುಚಿ ಮಾಡುವುದು, ಲಾಳದ ದಿನ ಕುದುರೆ ಹಿಡಿಯುವುದು. ಆರು ವಾರಕ್ಕೊಮ್ಮೆಯ ಲಾಳದ ಸರದಿ ಸರಿಯಾಗಿ ಈ ಮಧ್ಯೆಯೇ ಬಂತು, ಮುಂದೂಡಲಿಲ್ಲ. ಉದ್ದವಾದ ಗೊರಸಿನಲ್ಲಿ ನಡೆಸಿದರೆ ಸ್ನಾಯುರಜ್ಜಿನ ಮೇಲೆ ಎಳೆತ ಹೆಚ್ಚು. ಉಜ್ಜುವುದು, ಬಾಚುವುದು, ಮೇವು ತೂಗುವುದು ಒಂದೇ ಕೈಗೂ ಆಗುತ್ತದೆ.

ಸಹಾಯಕರು ವಾರಕ್ಕೆ ಐದು ದಿನ 40 ನಿಮಿಷ ನಡೆಸಿದರು, ಅದರಲ್ಲಿ ಎರಡು ದಿನ ಏರುದಾರಿ. ಮೂರನೇ ದಿನ ದಾಟಿ ನಡೆಯಲು ನೆಲದ ಮೇಲೆ ನಾಲ್ಕು ಮರದ ಗಳ, 80 ಸೆಂ.ಮೀ. ಅಂತರ. ಗೊರಸು ಗಳಕ್ಕೆ ತಾಗುತ್ತಿದ್ದರೆ ಅಂತರ ಐದೈದು ಸೆಂ.ಮೀ. ಬದಲಿಸಿ ನೋಡಬೇಕು. ಉದ್ದ ಹಗ್ಗದಲ್ಲಿ ಸುತ್ತು ಹಾಕಿಸುವುದು, ಅಂದರೆ ಲಂಜಿಂಗ್, ವಾರಕ್ಕೆರಡು ಸಲ ಮಾತ್ರ. 15 ನಿಮಿಷ, 18 ಮೀಟರ್ ವ್ಯಾಸದ ಸುತ್ತು, ಅರ್ಧಕ್ಕೆ ದಿಕ್ಕು ಬದಲು. ಸವಾರಿ ಇಲ್ಲವಲ್ಲ ಅಂತ ದಿನವೂ ಸಣ್ಣ ಸುತ್ತಿನಲ್ಲಿ ಓಡಿಸಿದರೆ ಕೀಲುಗಳಿಗೆ ಪೆಟ್ಟು. ಮುರಿದ ಬೆರಳಿನವರು ಈ ಹಗ್ಗ ಮುಟ್ಟಲೇಬಾರದು. ಎರಡೂ ಕೈ ಬೇಡುವ ಕೆಲಸ ಅದು, ಅದರಲ್ಲೂ ಹಗ್ಗ ಬಲು ಉದ್ದ.

ಜೊತೆಗೆ ಎರಡು ಪಾಠ. ಹಗ್ಗ ಕೆಳಗೆ ಮೆಲ್ಲಗೆ ಒತ್ತಿದರೆ ತಲೆ ತಗ್ಗಿಸುವುದು, ತಗ್ಗಿಸಿದ ಕ್ಷಣವೇ ಹಗ್ಗ ಸಡಿಲ. ಇನ್ನೊಂದು ಟಾರ್ಪಾಲು. 10 ಮೀಟರ್ ದೂರದಲ್ಲಿ ಶುರು, ಕುದುರೆ ಕಿವಿ ಸಡಿಲಿಸಿ ಬಾಯಿ ಚಪ್ಪರಿಸಿದ ಮೇಲಷ್ಟೇ ಒಂದು ಮೀಟರ್ ಹತ್ತಿರ. ಮುಟ್ಟಿ ಮೂಸಲು ಒಂಬತ್ತು ದಿನ ಹಿಡಿಯಿತು.

9ನೇ ವಾರ: ಪಟ್ಟಿ ಬಿಚ್ಚಿದ್ದು

ಮೂಳೆ ಕೂಡಿದೆ, ಬೆರಳು ಮಾತ್ರ ನಡುಗೀಲಿನಲ್ಲಿ ಬಿಗಿದಿದೆ. ಕೊಕ್ಕೆ ಮುಷ್ಟಿ (ಬುಡ ನೇರ, ಬೆರಳ ಮೇಲಿನ ಗೀಲುಗಳು ಮಾತ್ರ ಮಡಚಿ), ಪೂರ್ತಿ ಮುಷ್ಟಿ, ನೇರ ಕೈ, ಹತ್ತತ್ತು ಸಲ, ದಿನಕ್ಕೆ ಐದು ಬಾರಿ. ಸವಾರಿಗೆ ಒಪ್ಪಿಗೆ ಕೊಟ್ಟದ್ದು ಎಕ್ಸ್‌ರೇ ಒಂದೇ ಅಲ್ಲ. ಕಂಬಕ್ಕೆ ಕಟ್ಟಿದ ಲಗೇಜ್ ತೂಕದ ಕೊಕ್ಕೆಗೆ ಲಗಾಮಿನ ಪಟ್ಟಿ ಸಿಕ್ಕಿಸಿ, ಎಡಗೈಯಿಂದ ನೋವಿಲ್ಲದೆ 5 ಕೆ.ಜಿ. ಎಳೆದು ಹತ್ತು ಎಣಿಸುವುದು, ಥಟ್ಟನೆ ಬಿಡುವುದು, ಮತ್ತೆ ಹಿಡಿಯುವುದು. ಬಿಡುವ ವೇಗವೇ ಇಲ್ಲಿ ಮುಖ್ಯ. ವಾರದ ಕೊನೆಗಷ್ಟೇ ಇದು ದಾಟಿತು.

10 ಮತ್ತು 11ನೇ ವಾರ: ಮತ್ತೆ ಜೀನಿನ ಮೇಲೆ

ಮಾಮೂಲಿ ಹಿಡಿತದಲ್ಲಿ ಲಗಾಮು ಕಿರುಬೆರಳು ಮತ್ತು ಉಂಗುರ ಬೆರಳಿನ ಸಂದಿಯಿಂದ ಒಳಬಂದು ಹೆಬ್ಬೆರಳಿನ ಕೆಳಗೆ ಹೊರಡುತ್ತದೆ. ಕುದುರೆ ಬಾಯಿಯ ಎಳೆತವೆಲ್ಲ ಬೀಳುವುದು ಮುರಿದ ಬೆರಳಿನ ಮೇಲೆಯೇ. ಆದ್ದರಿಂದ ಎಡಗೈಯಲ್ಲಿ ಗಾಡಿ ಹೊಡೆಯುವವರ ಹಿಡಿತ: ಲಗಾಮು ಹೆಬ್ಬೆರಳು ಮತ್ತು ತೋರುಬೆರಳಿನ ಮಧ್ಯೆ ಒಳಬಂದು ಅಂಗೈಯಿಂದ ಕೆಳಗೆ ಇಳಿಯುವುದು. ಭಾರ ತೋರುಬೆರಳಿಗೆ ಹೋಗುತ್ತದೆ, ಸೂಕ್ಷ್ಮ ಸೂಚನೆ ಸ್ವಲ್ಪ ಮಂದವಾಗುತ್ತದೆ, ನಡಿಗೆಗೆ ಸಾಕು. ಕುದುರೆಯ ಕೊರಳಿಗೆ ಒಂದು ಪಟ್ಟಿ, ಬೆದರಿದರೆ ಬಲಗೈಗೆ ಸಿಗಲೆಂದು. ಹತ್ತುವಾಗ ಎಡಗೈಗೆ ಜೂಲು ಹಿಡಿದು ಜಗ್ಗುವ ಕೆಲಸ ಬೀಳದಂತೆ ಮೆಟ್ಟಿಲು ಪೀಠ, ತಲೆಯ ಬಳಿ ಒಬ್ಬರು.

ಬೆನ್ನಿನ ಸ್ನಾಯು ಇಳಿದಿದ್ದರಿಂದ ಜೀನು ಮುಂದಕ್ಕೆ ಕೂರುತ್ತಿತ್ತು, ಹೊಟ್ಟೆಪಟ್ಟಿ ಒಂದು ತೂತು ಬಿಗಿಯಾಯಿತು. ಜೀನಿನ ಕೆಳಗೆ ಕೈ ಹಾಯಿಸಿ ಒತ್ತಡ ಎರಡೂ ಕಡೆ ಸಮವೇ ಎಂದು ನೋಡದೆ ಹತ್ತಲಿಲ್ಲ.

ಲೆಕ್ಕ ಹೀಗಿದೆ. ಸವಾರಿ ನಿಂತದ್ದು ಐದು ವಾರ. ಕುದುರೆ ನಡೆಯುತ್ತಲೇ ಇದ್ದದ್ದರಿಂದ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುವಂತೆಯೂ ಇಲ್ಲ. ಹಳೆಯ ಯೋಜನೆಯ 3ನೇ ವಾರವೇ ಈಗ 10ನೇ ವಾರ. ಅಂದರೆ 25 ಕಿ.ಮೀ. 12ರಿಂದ 19ನೇ ವಾರಕ್ಕೆ ಸರಿಯಿತು. 11ನೇ ವಾರ ಮತ್ತೆ ನಾಲ್ಕು ಸಲ ಎರಡು ನಿಮಿಷ ಟ್ರಾಟ್. ಮುಗಿದ ಹತ್ತು ನಿಮಿಷಕ್ಕೆ ಕುದುರೆಯ ಎಡ ಮುಂಗಾಲಿನ ಮೊಣಕೈಯ ಹಿಂದೆ ಸ್ಟೆತಸ್ಕೋಪ್ ಇಟ್ಟು 15 ಸೆಕೆಂಡು ಎಣಿಸಿದರೆ 13 ಬಡಿತ, ನಿಮಿಷಕ್ಕೆ 52. 60ಕ್ಕಿಂತ ಮೇಲಿದ್ದರೆ ಅದೇ ವಾರವನ್ನು ಇನ್ನೊಮ್ಮೆ ಮಾಡುವುದು ಎಂದು ಗೊತ್ತು ಮಾಡಿಕೊಂಡದ್ದು, ಬೇಕಾಗಲಿಲ್ಲ. ದಾಣಿ ವಾರಕ್ಕೆ ಅರ್ಧ ಕೆ.ಜಿ.ಯಂತೆ ಏರುತ್ತಿದೆ, ಈಗ 2 ಕೆ.ಜಿ.

ಬಾಕಿ ಉಳಿದದ್ದು: ಬೆಳಿಗ್ಗೆ ಬೆರಳು ಪೂರ್ತಿ ಮಡಚುತ್ತಿಲ್ಲ, ಜೀನು ಕಟ್ಟುವ ಮೊದಲು ಬಿಸಿನೀರಿನಲ್ಲಿ ಐದು ನಿಮಿಷ ಆಡಿಸಬೇಕು. ಲಗಾಮು ಹಳೆಯ ಸಂದಿಗೆ ಮರಳುವುದು 13ನೇ ವಾರ, ಅದೂ ಬೇಲಿಯೊಳಗಿನ ನಡಿಗೆಯಲ್ಲಿ ಮಾತ್ರ.