ಬಾಲ್ಕನಿಯ ದೊಡ್ಡಪತ್ರೆ

ಇಲ್ಲಿ ಮುಂಬೈಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕೆಮ್ಮಿನ ಸಿರಪ್ಪಿನ ಹೆಸರು ಗೊತ್ತು, ದೊಡ್ಡಪತ್ರೆ ಗೊತ್ತಿಲ್ಲ. ನನಗೆ ಅದು ನಿಜವಾಗಿಯೂ ಬೇಜಾರು. ಕಾಡಿಗೆ ಹೋಗಿ ತರಬೇಕಾದ ಗಿಡವೇನೂ ಅಲ್ಲ, ಡೊಂಬಿವಲಿಯ ಬಾಲ್ಕನಿ ಗ್ರಿಲ್‌ನಲ್ಲಿ ಒಂದು ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ.

ಹಾಗಾಗಿ ಭಾನುವಾರ ಬಿಲ್ಡಿಂಗಿನ ಮಕ್ಕಳನ್ನು ಸೇರಿಸಿಕೊಂಡು ಕಲಿಸುತ್ತಿದ್ದೇನೆ. ಮೊದಲು ಎಲೆ ಉಜ್ಜಿ ಮೂಸುವುದು. ಓಮದ ವಾಸನೆ ಯಾಕೆ ಬರುತ್ತದೆ ಅಂದರೆ ಎರಡರ ಎಣ್ಣೆಯಲ್ಲೂ ಥೈಮಾಲ್ ಅನ್ನೋ ಘಾಟಿನ ಅಂಶ ಇದೆ. ಆಮೇಲೆ ಎಲೆ ಬಾಡಿಸಿ, ಜೀರಿಗೆ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ. ಮರಾಠಿ ಮನೆಯ ಹುಡುಗಿಯೊಬ್ಬಳು "ಆಂಟಿ, ನಮ್ಮಜ್ಜಿ ಇದರದ್ದೇ ಭಜಿ ಮಾಡ್ತಾರೆ" ಅಂದಳು, ಎಷ್ಟು ಖುಷಿಯಾಯಿತು!

ಆದರೆ ಯಾವುದನ್ನು ಸುಮ್ನೆ ಕುಡಿಯಬಾರದು ಅಂತಲೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಅಲ್ವಾ? ಕೊರೊನಾ ಕಾಲದಲ್ಲಿ ಜನ ಅಮೃತಬಳ್ಳಿ ಕಷಾಯ ಜಾಸ್ತಿ ಕುಡಿದರು, 2021ರಲ್ಲಿ ಮುಂಬೈ ವೈದ್ಯರೇ ಅದನ್ನು ಕುಡಿದ ಕೆಲವರ ಲಿವರ್‌ಗೆ ಪೆಟ್ಟಾದದ್ದನ್ನು ವರದಿ ಮಾಡಿದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ, ವಾದ ನಡೆಯಿತು. ಮಕ್ಕಳಿಗೆ ಇದನ್ನೂ ಹೇಳಿದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು, ಬೊಟುಲಿಸಂ ಅನ್ನೋ ಗಂಭೀರ ಕಾಯಿಲೆಯ ಅಪಾಯ ಇದೆ ಅಂತಲೂ ಹೇಳಿದೆ. ದೊಡ್ಡವರನ್ನು ಕೇಳದೆ ಯಾವ ಎಲೆಯೂ ಬಾಯಿಗೆ ಹೋಗಬಾರದು, ಉಸಿರಾಟ ಕಷ್ಟವಾದರೆ ಕಷಾಯ ಅಲ್ಲ, ಡಾಕ್ಟರು.

ಮುಂದಿನ ವಾರ ಒಂದೆಲಗ. ಇಲ್ಲಿ ಹತ್ತಿರ ಯಾರ ಕುಂಡದಲ್ಲಾದರೂ ಇದ್ದರೆ ಬೇರು ಸಮೇತ ಒಂದು ಬಳ್ಳಿ ಕೊಡಿ, ಮಕ್ಕಳನ್ನೇ ಕಳಿಸುತ್ತೇನೆ.